ಹೆಸರಿಲ್ಲದ ಕಲ್ಲಿನ ಮುಂದೆ

ನಮ್ಮ ಟೈಲರ್ ಅವರ ಎಡಗೈ ಹೆಬ್ಬೆರಳಿನ ಉಗುರು ಎರಡಾಗಿ ಸೀಳಿತ್ತು. ಹೊಲಿಗೆ ಯಂತ್ರದ ಸೂಜಿ ಯಾವಾಗಲೋ ನೇರ ಇಳಿದುಬಿಟ್ಟಿತ್ತಂತೆ. ಆ ಸೀಳಿಗೆ ದಾರ ಸಿಕ್ಕಿಕೊಂಡಾಗಲೆಲ್ಲ ಅವರು ಬೆರಳನ್ನೇ ಬೈಯುತ್ತಿದ್ದರು. ಬೈಯಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮುಳಬಾಗಿಲಿನ ಬಸ್ ನಿಲ್ದಾಣದ ಹಿಂದೆ ಅವರ ಅಂಗಡಿ. ಅಂಗಡಿಯ ಹಿಂದಿನ ಕೋಣೆಯೇ ಮನೆ.

ನರಸಾಪುರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ ಹೊಸದರಲ್ಲಿ ಯೂನಿಫಾರ್ಮ್ ಪ್ಯಾಂಟು ಗಿಡ್ಡ ಮಾಡಿಸಲು ಅಲ್ಲಿಗೆ ಹೋಗಿದ್ದೆ. ಅಳತೆ ತೆಗೆಯುತ್ತ, "ನೆಟ್ಟಗೆ ನಿಂತ್ಕೋತೀಯ ಕಣೋ. ನವೆಂಬರ್‌ನಲ್ಲಿ ಒಂದ್ ಬೆಳಿಗ್ಗೆ ನನ್ ಜೊತೆ ಬರ್ತೀಯಾ?" ಎಂದರು.

ಶ್ರೀನಿವಾಸಪುರದ ಕಡೆಯ ಹಳ್ಳಿಯೊಂದರಲ್ಲಿ ಒಂದು ಕಲ್ಲಿದೆ. ನೂರು ವರ್ಷದ ಹಿಂದಿನ ಮಹಾಯುದ್ಧಕ್ಕೆ ಈ ಊರಿನಿಂದ ಇಷ್ಟು ಜನ ಹೋದರು, ಇಷ್ಟು ಜನ ಮರಳಲಿಲ್ಲ ಎಂದು ಕೆತ್ತಿದೆ. ಹೆಸರು ಒಂದೂ ಇಲ್ಲ. ಊರಿನವರು ಅದಕ್ಕೆ ಎಮ್ಮೆ ಕಟ್ಟುತ್ತಿದ್ದರು. ಆ ಯುದ್ಧ ನಿಂತ ದಿನ, ನವೆಂಬರ್ ಹನ್ನೊಂದಕ್ಕೆ, ಟೈಲರ್ ಪ್ರತಿವರ್ಷ ಅಲ್ಲಿಗೆ ಹೋಗಿ, ಕಲ್ಲು ತೊಳೆದು, ಹೂವಿಟ್ಟು, ಬಾವುಟ ಹಿಡಿದು ಗೌರವ ಸಲ್ಲಿಸುತ್ತಿದ್ದರು. ಹಳೆಯ ಫೋಟೋ ನೋಡಿ ಆ ಕಾಲದ ಸಿಪಾಯಿಗಳ ಉಡುಪನ್ನು ತಾವೇ ಹೊಲಿದಿದ್ದರು. ಅಗಲದ ಚಡ್ಡಿ, ಖಾಕಿ ಅಂಗಿ, ಕಾಲಿಗೆ ಸುತ್ತುವ ಪಟ್ಟಿ. ನಾನೊಮ್ಮೆ ಎಲ್ಲೋ ಸಿಕ್ಕ ಪದಕವೊಂದನ್ನು ಎದೆಗೆ ಸಿಕ್ಕಿಸಿಕೊಂಡು ಹೋದಾಗ ಅಲ್ಲೇ ಬಿಚ್ಚಿಸಿದರು. "ಬಟ್ಟೆ ನಮ್ದು. ಪದಕ ಅವರ್ದು ಕಣೋ."

ನಿಮ್ಮವರು ಯಾರಾದರೂ ಆ ಯುದ್ಧಕ್ಕೆ ಹೋಗಿದ್ದರಾ ಎಂದು ಕೇಳಿದ್ದೆ.

"ಹೆಸರೇ ಇಲ್ಲ ಅಂದ್ಮೇಲೆ ಯಾರ್ ಬೇಕಾದ್ರೂ ಆಗಬಹುದು. ನಮ್ಮೋರೇ ಅಂದ್ಕೊಂಡ್ರೆ ಯಾರಿಗೇನ್ ನಷ್ಟ?"

ಮೊದಲು ನಾಲ್ವರಿದ್ದೆವು. ಮರದ ಬಂದೂಕು ಹಿಡಿಯುತ್ತಿದ್ದವರಲ್ಲಿ ಒಬ್ಬರಿಗೆ ಮಂಡಿನೋವು ಬಂತು. ಇನ್ನೊಬ್ಬರು ಕೋಲಾರದ ಟೊಮೆಟೊ ಮಾರುಕಟ್ಟೆ ಸೇರಿ ಬೆಳಗಿನ ಬಿಡುವು ಕಳೆದುಕೊಂಡರು. ಕೊನೆಗೆ ಉಳಿದದ್ದು ಬಾವುಟ ಹಿಡಿಯುವ ಅವರು, ಆಜ್ಞೆ ಕೂಗುವ ನಾನು. ಬಾವುಟ ಹಿಡಿದವರು ತಾವಾಗಿ ಅಲುಗಬಾರದು, 'ವಿಶ್ರಾಂ' ಎಂದು ಇನ್ನೊಬ್ಬರು ಹೇಳಬೇಕು. ಈ ನಿಯಮವನ್ನು ಮಾತ್ರ ಅವರು ಯಾವತ್ತೂ ಸಡಿಲ ಬಿಡಲಿಲ್ಲ.

ಒಂದು ವರ್ಷ ಯಾರೋ ನಮ್ಮ ವಿಡಿಯೋ ತೆಗೆದರು. ಅದು ಕಂಪನಿ ಬಸ್ಸಿನಲ್ಲಿ ಎಲ್ಲರ ಫೋನಿಗೂ ಬಂತು. "ಏನ್ಲಾ ಸಿಪಾಯಿ, ಎಮ್ಮೆ ಗೂಟಕ್ಕೆ ಸೆಲ್ಯೂಟ್ ಹೊಡೀತೀಯಂತೆ?" ಎಂದು ಒಬ್ಬ ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮುಂದಿನ ನವೆಂಬರ್ ಬಂದಾಗ, "ನೀವು ಮೊದಲ್ನೇ ಬಸ್ಸಿಗೆ ಹೋಗಿ, ಹಿಂದೇನೇ ಬರ್ತೀನಿ" ಎಂದು ಹೇಳಿ, ಫೋನ್ ಆಫ್ ಮಾಡಿ ರೂಮಿನಲ್ಲೇ ಬಿದ್ದುಕೊಂಡೆ. ನಾಚಿಕೆ, ಅಷ್ಟೇ.

ಮರುದಿನ ಅಂಗಡಿಗೆ ಹೋಗಿ, ಶಿಫ್ಟ್ ಬದಲಾಯಿತು ಎಂದೆ. ಅಂಗಿಯ ಗುಂಡಿಗೆ ಕಾಜಾ ಹೊಲಿಯುತ್ತಿದ್ದ ಅವರು ತಲೆ ಎತ್ತಲಿಲ್ಲ. "ಹೋಗ್ಲಿ ಬಿಡೋ. ಐದ್ ನಿಮಿಷದಲ್ಲಿ ಮುಗಿಸ್ಕೊಂಡ್ ಬಂದೆ" ಎಂದು ಟೀ ತರಿಸಿದರು. ನಾನು ನೆಮ್ಮದಿಯಾಗಿ ಕುಡಿದೆ.

ಸಂಕ್ರಾಂತಿ ಕಳೆದ ಮೇಲೆ ಅವರು ಯಂತ್ರದ ಮುಂದೆ ಕೂತಲ್ಲೇ ತೀರಿಕೊಂಡರು. ನಿಜ ಹೇಳಲು ನನಗೆ ಎರಡು ತಿಂಗಳು ಸಮಯವಿತ್ತು. ಹೇಳಲಿಲ್ಲ.

ಆ ವರ್ಷದ ನವೆಂಬರ್‌ನಲ್ಲಿ ಒಬ್ಬನೇ ಹೋದೆ. ಕಲ್ಲು ತೊಳೆಯುತ್ತಿದ್ದಾಗ ಎದುರು ಮನೆಯ ಅಜ್ಜಿ ಬಂದು, "ಯಜಮಾನ್ರು ಎಲ್ಲಪ್ಪ?" ಎಂದಳು. ಹೇಳಿದೆ. ಅವಳು ಅಲ್ಲೇ ನೆಲದ ಮೇಲೆ ಕೂತಳು.

"ಹೋದ್ ವರ್ಷ ನೀನ್ ಬರ್ಲಿಲ್ವಲ್ಲಪ್ಪ. ಬಾವುಟ ಹಿಡ್ಕೊಂಡು ಒಬ್ರೇ ನಿಂತ್ರು. ನಾನು ಮುದ್ದೆ ಮಾಡಿಟ್ಟು ಬಂದೆ, ಎಮ್ಮೆ ಮೇಯಿಸ್ಕೊಂಡು ಬಂದೆ, ಹಂಗೇ ನಿಂತಿದ್ರು. ನೆತ್ತಿ ಮೇಲೆ ಬಿಸ್ಲು ಬಂದಿತ್ತು. ಯಾಕಪ್ಪಾ ಅಂತ ಕೇಳಿದ್ರೆ, 'ಹುಡುಗ ಬಂದು ಹೇಳ್ಬೇಕಮ್ಮ' ಅಂದ್ರು. ನಂಗೆ ನೋಡಕ್ಕಾಗ್ಲಿಲ್ಲ. ಹತ್ರ ಹೋಗಿ, 'ಚಾಲು ನಾಯನಾ, ಸಾಕು, ಕೂತ್ಕೋ' ಅಂದೆ. ಆಮೇಲೇ ಕೂತಿದ್ದು."

ಸೆರಗಿನಿಂದ ಮೂಗು ಒರೆಸಿಕೊಂಡಳು.

"'ಅವನಿಗೆ ಹೇಳ್ಬೇಡಮ್ಮ, ನೊಂದ್ಕೋತಾನೆ' ಅಂತ ಮಾತ್ ತಗೊಂಡಿದ್ರು."