ಹೆಂಡತಿಯ ಮುಖಕ್ಕೆ ಹಿಡಿದ ಟಾರ್ಚು

ಕರೆಂಟು ಹೋದದ್ದು ನಾಟಕದ ಎರಡನೆಯ ಅಂಕದಲ್ಲಿ ಎನ್ನುತ್ತೇನೆ ನಾನು. ಮೂರನೆಯದರಲ್ಲಿ ಎನ್ನುತ್ತಾಳೆ ಹೆಂಡತಿ. ನಾಟಕಕ್ಕೆ ಇದ್ದದ್ದೇ ಎರಡು ಅಂಕ. ಆದರೂ ಅವಳು ಒಪ್ಪುವುದಿಲ್ಲ.

ಪಣಜಿಯ ಆಚೆ ಇರುವ ಸಡಾ ಎಂಬ ಊರಿನ ಒಂದು ಶಾಲೆಯ ಸಭಾಂಗಣ. ರಾಜ್ಯೋತ್ಸವಕ್ಕೆಂದು ನಾವು ಕನ್ನಡದವರು ಸೇರಿ ಆಡುತ್ತಿದ್ದ ನಾಟಕ. ಹೆಂಡತಿಗೆ ತಾಯಿಯ ಪಾತ್ರ, ಅದೇ ಮೊದಲ ಸಲ ಬಣ್ಣ ಹಚ್ಚಿದ್ದಳು. ಮದುವೆಗೆ ಮುಂಚೆ ನಾಟಕದ ಹೆಸರೆತ್ತಿದರೆ ಬೈಯುತ್ತಿದ್ದ ಅವಳ ಅವ್ವ ಈಗ ಧಾರವಾಡದಿಂದ ಬಂದು ಮೂರನೆಯ ಸಾಲಿನಲ್ಲಿ ಕೂತಿದ್ದರು. ಕೊನೆಯ ದೃಶ್ಯದಲ್ಲಿ, ಓಡಿಹೋಗಿದ್ದ ಮಗ ಮರಳಿದಾಗ ತಾಯಿ ಮೊದಲು ಸಿಟ್ಟಾಗಬೇಕು, ಆಮೇಲೆ ಮಾತಿಲ್ಲದೆ ನಗಬೇಕು. ಆ ನಗುವನ್ನು ಅವ್ವ ನೋಡಲಿ ಎಂದೇ ಹೆಂಡತಿ ಕನ್ನಡಿಯ ಮುಂದೆ ವಾರಗಟ್ಟಲೆ ರೂಢಿ ಮಾಡಿದ್ದಳು. ಸರಿಯಾಗಿ ಆ ದೃಶ್ಯಕ್ಕೇ ಕತ್ತಲೆ.

ಜನರೇಟರ್ ಹಚ್ಚಿದರು. ಅದರ ಗದ್ದಲಕ್ಕೆ ಮಾತು ಮೊದಲ ಸಾಲಿಗೂ ಕೇಳಿಸಲಿಲ್ಲ. ಆರಿಸಿದರು. ನಾಟಕ ಆಡಿಸುತ್ತಿದ್ದ ಬೆಳಗಾವಿಯ ಬಟ್ಟೆ ವ್ಯಾಪಾರಿ ನನ್ನ ಭುಜ ಹಿಡಿದರು.

"ಸಾಹೇಬ್ರ, ಬಸ್ಸಿನ್ಯಾಗ ಸಿಕ್ಕಾಗೆಲ್ಲಾ ಟಾರ್ಚಿನ ಪುರಾಣ ಹೇಳ್ತಿದ್ರೆಲ್ಲ, ಈಗ ತಗೀರಿ ಹೊರಗ!"

ಪಣಜಿಯಲ್ಲಿ ಕೊಂಡ ಎಲ್‌ಇಡಿ ಟಾರ್ಚು ಅದು. ಒಂದು ಸಲ ಒತ್ತಿದರೆ ಪೂರ್ತಿ ಬೆಳಕು, ಇನ್ನೊಮ್ಮೆ ಒತ್ತಿದರೆ ಅರ್ಧ. ಪೂರ್ತಿ ಹಚ್ಚಿ ಕುರ್ಚಿಗಳ ನಡುವಿನಿಂದ ಹಿಡಿದೆ. ನಡುವೆ ಕಣ್ಣು ಕುಕ್ಕುವ ಬಿಳಿ ಚುಕ್ಕೆ, ಸುತ್ತ ಕಪ್ಪು ಬಳೆ.

"ಮೂಗಷ್ಟ ಕಾಣಾಕತ್ತೈತ್ರಿ!" ಹಿಂದಿನಿಂದ ಯಾರೋ ಕೂಗಿದರು.

ಇನ್ನೊಂದು ಚಿಂತೆ ನನಗೆ ಮಾತ್ರ ಗೊತ್ತಿತ್ತು. ಪೂರ್ತಿ ಬೆಳಕಿನಲ್ಲಿ ಅದರ ಸೆಲ್ಲುಗಳು ಅನ್ನ ಬೇಯುವಷ್ಟರಲ್ಲಿ ಸುಸ್ತಾಗುತ್ತಿದ್ದವು. ಅರ್ಧಕ್ಕಿಟ್ಟರೆ ಬಾಳಿಕೆ ಬರುತ್ತಿತ್ತು, ಆದರೆ ಅಷ್ಟು ದೂರ ಮುಟ್ಟುತ್ತಿರಲಿಲ್ಲ. ಅರ್ಧಕ್ಕಿಳಿಸಿ ನಾನೇ ಹತ್ತಿರ ಹೋಗಿ ವೇದಿಕೆಯ ಬುಡದಲ್ಲಿ ಕುಕ್ಕರಿಸಿದೆ. ಬೆಳಕು ಈಗ ಗದ್ದದ ಕೆಳಗಿನಿಂದ ಏರಿತು.

"ರೀ, ದೆವ್ವ ಮಾಡೀರೆಲ್ರಿ ನನ್ನ!" ಎಂದಳು ಹೆಂಡತಿ, ನಾಟಕದ ದನಿಯಲ್ಲೇ. ಸಭೆ ನಕ್ಕಿತು.

ವೇದಿಕೆಯ ಮೂಲೆಯಲ್ಲಿ ಚೌತಿಯ ಮಂಟಪದಿಂದ ಉಳಿದ ಥರ್ಮೋಕೋಲ್ ಹಾಳೆಯಿತ್ತು. ವ್ಯಾಪಾರಿ ಅದನ್ನು ತಲೆಯ ಮೇಲೆತ್ತಿ ನಿಂತರು. ಟಾರ್ಚನ್ನು ಹಾಳೆಗೆ ತಿರುಗಿಸಿದೆ. ಚುಕ್ಕೆಯೂ ಇಲ್ಲ, ಬಳೆಯೂ ಇಲ್ಲ. ಹಾಲು ಚೆಲ್ಲಿದಂತೆ ಬೆಳಕು ಹರಡಿತು, ಆದರೆ ಮಂಕು. ಮುಖ ಕಾಣಬೇಕಾದರೆ ಪೂರ್ತಿಯೇ ಬೇಕು. ಪೂರ್ತಿ ಇಟ್ಟರೆ ನಗುವ ತನಕ ಉಳಿಯುತ್ತದೆಯೋ ಇಲ್ಲವೋ. ಇದನ್ನು ಪಿಸುಮಾತಿನಲ್ಲಿ ಹೆಂಡತಿಗೆ ಹೇಳಿದೆ.

"ಸಿಟ್ಟು ಕಿವಿಗೆ ಕೇಳ್ತದ. ನಗೀಗೆ ಇಡ್ರಿ ಬೆಳಕು," ಎಂದಳು ಅವಳು.

ಹಾಗೇ ಮಾಡಿದೆವು. ಅವಳು ಮಬ್ಬಿನಲ್ಲಿ ಸಿಟ್ಟಾದಳು. ರುಚಿ ಹತ್ತಿತೋ ಏನೋ, ಬರೆಯದಿದ್ದ ಬೈಗುಳಗಳನ್ನೂ ಸೇರಿಸಿದಳು. ಹಾಳೆ ಎತ್ತಿ ಹಿಡಿದ ವ್ಯಾಪಾರಿಯ ತೋಳು ಸೋತು, ಬೆಳಕಿನ ಜೊತೆ ವೇದಿಕೆಯೆಲ್ಲ ತೂಗಾಡಿತು. ಕಡೆಗೆ ಅವಳು ಸುಮ್ಮನಾದಳು. ಗುಂಡಿ ಒತ್ತಿದೆ. ನಕ್ಕಳು.

ಆ ಕ್ಷಣ ಅತ್ತೆಯ ಕಣ್ಣು ತೇವವಾದದ್ದು ನನಗೆ ನೆನಪಿದೆ. ಆದರೆ ನನ್ನ ಬೆನ್ನು ಅವರ ಕಡೆಗಿತ್ತು, ನೋಡಿರಲು ಸಾಧ್ಯವೇ ಇಲ್ಲ. ಆ ಸಾಲನ್ನು ಬಿಟ್ಟುಬಿಡಿ. ನಕ್ಕಾಗಲೇ ಕರೆಂಟು ಬಂತು ಎಂದೂ ನಾನು ಹಲವರಿಗೆ ಹೇಳಿದ್ದೇನೆ. ಅದು ಬಂದದ್ದು ಕುರ್ಚಿ ಮಡಚುವಾಗ. ಅದಕ್ಕೆ ಸ್ವಲ್ಪ ಮುಂಚೆ ಅತ್ತೆ ಕತ್ತಲೆಯಲ್ಲೇ ವೇದಿಕೆಯ ಹತ್ತಿರ ಬಂದಿದ್ದರು.

"ನಗೂದು ಭಾಳ ಚಲೋ ಕಂಡ್ತವಾ. ಆದ್ರ ನಾ ಕೊಟ್ಟ ಕೆಂಪು ಇಳಕಲ್ ಸೀರಿ ಬಿಟ್ಟು ಈ ಮಣ್ಣಿನ ಬಣ್ಣದ್ದು ಯಾಕ ಉಟ್ಟಿ?"

"ಅವ್ವಾ, ಇದು ಅದ ಸೀರಿ!"

ಅಷ್ಟರಲ್ಲಿ ದೀಪ ಬಂತು. ಸೀರೆ ಕೆಂಪಗೆ ಹೊತ್ತಿಕೊಂಡಿತು. ಅತ್ತೆ ಸೀರೆಯನ್ನು ನೋಡಿದರು, ಕೆಂಪನ್ನು ಮಣ್ಣು ಮಾಡಿದ್ದ ನನ್ನ ಕೈಯ ಟಾರ್ಚನ್ನು ನೋಡಿದರು.

"ಅಳಿಯಂದ್ರ, ಮುಂದಿನ ಸಲ ಕಂದೀಲ ತರ್ರಿ."

ಟಾರ್ಚಿನ ಪರವಾಗಿ ಏನಾದರೂ ಹೇಳೋಣವೆಂದು ಬಾಯಿ ತೆರೆದೆ. ಹೆಂಡತಿ ನನ್ನನ್ನು ಪಕ್ಕಕ್ಕೆ ಸರಿಸಿ ಅವ್ವನ ಕೈ ಹಿಡಿದಿದ್ದಳು.

"ಮುಂದಿನ ಸಲ ಅಂದ್ಯಾ ಅವ್ವಾ? ಇನ್ನೊಮ್ಮಿ ಹೇಳು!"