ರೂಲ್ಸಣ್ಣನ ಕಾಡು
ನಮ್ಮ ಪಕ್ಕದ ಮನೆಯ ರೂಲ್ಸಣ್ಣ ಊಟದ ಮೇಜು ಒರೆಸಿ ದಾಳ ಹರಡಿದರೆಂದರೆ ಅವರ ಹೆಂಡತಿ, ಮಗಳು, ಜೊತೆಗೆ ನಾನು, ಎಲ್ಲರೂ ಆಟದಲ್ಲಿ ಮಂತ್ರವಾದಿಗಳೋ ಬೇಟೆಗಾರರೋ ಆಗಿ ಅವರು ಕಲ್ಪಿಸಿದ ಕಾಡಿಗೆ ಹೊರಡಬೇಕು. ಅಲ್ಲಿ ಎಲೆ ಅಲುಗಾಡುವುದಕ್ಕೂ ಅವರದೇ ನಿಯಮ. ಮಂತ್ರ ಹೇಳುವಾಗ ಸೀನು ಬಂದರೆ ಏನು ಗತಿ ಎಂದು ವಾರಗಟ್ಟಲೆ ತಲೆ ಕೆಡಿಸಿಕೊಂಡ ಮನುಷ್ಯ! ಗೊಣಗಿದವರಿಗೆ, “ದಾಳ ಬಿದ್ದಾಯ್ತು, ಮುಗೀತು” ಎಂಬ ಒಂದೇ ಉತ್ತರ. ಚಿಕ್ಕಂದಿನಿಂದ ತಾನು ಆಡಿಸಿಕೊಂಡು ಬಂದ ಬಿಲ್ಲುಗಾರ್ತಿಯ ಪಾತ್ರ ಒಂದು ಕೆಟ್ಟ ದಾಳಕ್ಕೆ ಸತ್ತಾಗ ಮಗಳು, “ಇದೊಂದ್ಸಲ ಬಿಟ್ಬಿಡಪ್ಪಾ” ಎಂದು ಅತ್ತಳು. ಅವಳಿಗೂ ಅದೇ ಉತ್ತರ ಸಿಕ್ಕಿತು. ಅವಳು ಮತ್ತೆ ಆಟಕ್ಕೆ ಕೂರಲಿಲ್ಲ. ಈಚೆಗೆ ಅವರು, ಸತ್ತವರು ಬದುಕಿ ಬರಲು ಹೊಸ ನಿಯಮವೊಂದನ್ನು ಮಾಡಿ, ಅವಳ ಕೋಣೆಯ ಬಾಗಿಲು ತಟ್ಟಿ ವಿವರಿಸತೊಡಗಿದರು. ಮಗಳು ಬಾಗಿಲು ತೆರೆಯದೆಯೇ, “ನೀನೇ ಆಡ್ಕೋ ಅಪ್ಪಾ” ಎಂದಳು.