ಮಾವ ಕಾಯುತ್ತಿದ್ದ ನಡುಕ

ಮಾವನಿಗೆ ನಾನು ಕೊಟ್ಟ ಸುದ್ದಿ ತಪ್ಪೆಂದು ನಿನ್ನೆ ತಿಳಿದಾಗಿನಿಂದ ಸಮಾಧಾನವಿಲ್ಲ. ಮಗಳು ನೆದಾಗೆ ಮೊಸರು ತಿನ್ನಿಸುವಾಗಲೂ ಅದೇ, ಅವಳ ಅಂಗಿ ಒಗೆಯುವಾಗಲೂ ಅದೇ. ನಾಳೆ ಬೆಟ್ಟದೂರು ಚೆಪೆಲಾರೆಯ ಮಾವನ ಮನೆಯಲ್ಲಿ, ಮಗು ಮೊದಲ ಹೆಜ್ಜೆ ಇಟ್ಟಿದ್ದಕ್ಕೆ ಅದರ ಮುಂದೆ ರೊಟ್ಟಿ ಉರುಳಿಸಿ ಹಿಂದೆ ನಡೆಸುವ ಶಾಸ್ತ್ರ. ಮಾವ ದುಡಿದ ಖಗೋಳ ವೀಕ್ಷಣಾಲಯದವರೆಲ್ಲ ಬರುತ್ತಾರೆ. ಅವರ ಮುಂದೆ ಮಾವ ಬಾಯಿಬಿಟ್ಟರೆ ಮುಗಿಯಿತು.

ಮಾವ ಸ್ಪಾಸ್ ವಿಜ್ಞಾನಿಯಲ್ಲ. ಮೂವತ್ತೊಂದು ವರ್ಷ ಬೆಟ್ಟದ ಮೇಲಿನ ವೀಕ್ಷಣಾಲಯದಲ್ಲಿ ಗುಮ್ಮಟದ ಮೋಟಾರು ರಿಪೇರಿ ಮಾಡಿದವರು, ರಸ್ತೆಯ ಹಿಮ ತೆಗೆದವರು. ನಿವೃತ್ತರಾದ ಮೇಲೆ ಕೋಳಿಗೂಡಿನ ಪಕ್ಕ ಸ್ವಂತ ದೂರದರ್ಶಕ ನಿಲ್ಲಿಸಿಕೊಂಡರು. ಅತ್ತೆ ನೆರೆಯವರಿಗೆ ಹೇಳುವುದು, "ನಂಗೊಬ್ಳು ಸವತಿ ಇದಾಳೆ. ಮೋಡ ಕವಿದ ದಿನ ಮಾತ್ರ ಗಂಡ ನನ್ನವನು."

ಆ ಸವತಿ ಒಂದು ಜೋಡಿ ನಕ್ಷತ್ರ. ಉಬ್ಬಿದ ಕೆಂಪು ನಕ್ಷತ್ರದಿಂದ ಪುಟ್ಟ ಬಿಳಿ ನಕ್ಷತ್ರ ಅನಿಲ ಎಳೆದುಕೊಳ್ಳುತ್ತದೆ. ಆ ಅನಿಲ ತಟ್ಟೆಯಂತೆ ಸುತ್ತುತ್ತ ಒಳಗೆ ಸುರಿಯುವಾಗ ಬೆಳಕು ನಿಮಿಷ ನಿಮಿಷಕ್ಕೂ ನಡುಗುತ್ತದೆ. ಕೆಲವು ದಶಕಗಳಿಗೊಮ್ಮೆ, ಸೇರಿಕೊಂಡದ್ದೆಲ್ಲ ಸಿಡಿದು ತಟ್ಟೆಯನ್ನೇ ಚದುರಿಸಿಬಿಡುತ್ತದೆ. ಆಮೇಲೆ ತಿಂಗಳುಗಟ್ಟಲೆ ನಡುಕವಿಲ್ಲ. ಮತ್ತೆ ನಡುಗಿದರೆ ಅನಿಲ ಮತ್ತೆ ಸುರಿಯತೊಡಗಿದೆ ಎಂದರ್ಥ. ಹಿಂದಿನ ಸಿಡಿತದ ನಂತರ ಆ ಮೊದಲ ನಡುಕ ಬಂದ ಸಂಜೆ, ಮಾವ ಕೆಟ್ಟು ನಿಂತ ಹಿಮಗಾಡಿಯ ಅಡಿಯಲ್ಲಿ ಮಲಗಿ ನಟ್ಟು ತಿರುಗಿಸುತ್ತಿದ್ದರು. ಏಳು ತಿಂಗಳ ಹಿಂದೆ ಅದು ಮತ್ತೆ ಸಿಡಿಯಿತು. ಈ ಸಲ ತಪ್ಪಬಾರದೆಂದು ಅಂದಿನಿಂದ ಊರು ಬಿಟ್ಟಿಲ್ಲ, ಸ್ವಂತ ತಮ್ಮನ ಮಗಳ ಮದುವೆಗೂ ಹೋಗಲಿಲ್ಲ.

ಬೆಳಕಿನ ಅಳತೆಗಳನ್ನು ಅವರು ಪ್ಲೊವ್‌ದಿವ್‌ನಲ್ಲಿರುವ ನನಗೆ ಕಳಿಸುತ್ತಾರೆ. ನೆದಾ ಮಲಗಿದಾಗ ಕಂಪ್ಯೂಟರಿನಲ್ಲಿ ಅವುಗಳ ನಕ್ಷೆಯ ಗೆರೆ ಎಳೆಯುವುದು ನನ್ನ ಕೆಲಸ. ಬುಧವಾರದ ಗೆರೆ ನಡುಗಿತು. ನಾನು ಹಿಂದೆಮುಂದೆ ನೋಡದೆ, ಶುರುವಾಯಿತೆಂದು ಫೋನು ಮಾಡಿದೆ. ಮಾವ ಸಂತೋಷಕ್ಕೆ ಅತ್ತುಬಿಟ್ಟರು.

ಆದರೆ ಬೆಳಕನ್ನು ಅಳೆಯುವುದು ಹೊಳಪು ಬದಲಾಗದ ಪಕ್ಕದ ನಕ್ಷತ್ರವೊಂದಕ್ಕೆ ಹೋಲಿಸಿ. ಅಂದು ತೆಳುಮೋಡವಿತ್ತೆಂದು ಮಾವ ಎಂದಿನ ನಕ್ಷತ್ರವನ್ನು ಬಿಟ್ಟು, ಹೆಚ್ಚು ಹೊಳೆಯುವ ಇನ್ನೊಂದಕ್ಕೆ ಹೋಲಿಸಿದ್ದರು. ನಿನ್ನೆ ಯಾಕೋ ಮನಸ್ಸು ತಡೆಯದೆ ಆ ಎರಡು ಪಕ್ಕದ ನಕ್ಷತ್ರಗಳನ್ನೇ ಪರಸ್ಪರ ಹೋಲಿಸಿದೆ. ಅಲ್ಲೂ ಅದೇ ನಡುಕ. ಅಳತೆಗೋಲೇ ಅಲುಗಾಡುತ್ತಿತ್ತು.

ಶಾಸ್ತ್ರ ಮುಗಿಯಲಿ, ಆಮೇಲೆ ಹೇಳು ಎಂದ ನನ್ನ ಗಂಡ ಯಾವೊರ್. ಅಷ್ಟರಲ್ಲಿ ಮಾವ ಎಲ್ಲರೆದುರು ಹೇಳಿಕೊಂಡಿದ್ದರೆ? ನಾಲ್ಕು ಸಲ ಫೋನು ಎತ್ತಿದೆ, ನೆದಾ ಅತ್ತಳೆಂದು ಇಟ್ಟೆ. ಒಮ್ಮೆಯಂತೂ ಅವಳು ಅತ್ತಿರಲೂ ಇಲ್ಲ. ಸಂಜೆ ಐದಕ್ಕೆ ಅವಳನ್ನು ಸೊಂಟಕ್ಕೇರಿಸಿಕೊಂಡೇ ನಂಬರು ಒತ್ತಿದೆ.

"ಮಾವ, ಬುಧವಾರ ನಡುಗಿದ್ದು ನಮ್ಮ ನಕ್ಷತ್ರ ಅಲ್ಲ. ನೀವು ಹೋಲಿಸೋಕೆ ಇಟ್ಕೊಂಡಿದ್ರಲ್ಲ, ಅದು."

ಆ ಕಡೆ ಕೋಳಿಗೂಡಿನ ಬಾಗಿಲು ಹಾಕಿದ ಸದ್ದು.

"ಎಷ್ಟು ಸಲ ನೋಡ್ದೆ?"

"ಆರು ಸಲ."

"ಹಾಗಾದ್ರೆ ಅದಿನ್ನೂ ಶುರುವೇ ಆಗಿಲ್ಲ," ಎಂದರು ನಿಧಾನವಾಗಿ. "ಆ ಮೊದ್ಲ ನಡುಕ ನಂಗಿನ್ನೂ ತಪ್ಪಿಹೋಗಿಲ್ಲ, ಮಗಳೇ. ಫೋನಿಡು, ಇವತ್ತು ಆಕಾಶ ತಿಳಿಯಾಗಿದೆ."